ಗರ್ಭನಿರೋಧಕದ ಬಗ್ಗೆ ಚರ್ಚ್ ಏನು ಹೇಳುತ್ತೆ, ಅದರಲ್ಲಿ ಗಂಡನ ಪಾಲು ಎಲ್ಲಿ ಹೋಯ್ತು

1930ರಲ್ಲಿ ಒಂದೇ ವರ್ಷದೊಳಗೆ ಮೂರು ಸಂಗತಿ ನಡೆದ್ವು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಇವತ್ತು ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಈ ವಿಷಯಕ್ಕೆ ಇರೋ ಗೊಂದಲ ಎಲ್ಲಿಂದ ಶುರುವಾಯ್ತು ಅಂತ ಗೊತ್ತಾಗುತ್ತೆ. ಜೂನ್‌ನಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ಕಾರ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು, ಸಂಸ್ಥಾನದ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೀಬೇಕು ಅಂತ ಆದೇಶ ಹೊರಡಿಸ್ತು, ಒಂದು ಸರ್ಕಾರ ತಾನೇ ಮುಂದೆ ನಿಂತು ಇಂಥದ್ದು ಮಾಡಿದ್ದು ಇಡೀ ಜಗತ್ತಿನಲ್ಲೇ ತೀರಾ ಮೊದಮೊದಲು. ಆಗಸ್ಟ್‌ನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ್ದ ಆಂಗ್ಲಿಕನ್ ಬಿಷಪ್‌ಗಳು 193ಕ್ಕೆ 67 ಮತದಲ್ಲಿ, ಸರಿಯಾದ ನೈತಿಕ ಕಾರಣ ಇದ್ರೆ ಗಂಡ ಹೆಂಡತಿ ಗರ್ಭನಿರೋಧಕ ಬಳಸಬಹುದು ಅಂತ ಒಪ್ಪಿದ್ರು, ಅಲ್ಲೀತನಕ ಯಾವ ದೊಡ್ಡ ಕ್ರೈಸ್ತ ಸಭೆಯೂ ಅಧಿಕೃತವಾಗಿ ಹಾಗೆ ಹೇಳಿರಲಿಲ್ಲ. ಡಿಸೆಂಬರ್ 31ಕ್ಕೆ ಪೋಪ್ ಹನ್ನೊಂದನೇ ಪಿಯುಸ್ ‘ಕಾಸ್ತಿ ಕೊನ್ನೂಬಿಯಿ’ ಅನ್ನೋ ಪತ್ರ ಬರೆದು, ಮಗು ಆಗದ ಹಾಗೆ ಬೇಕಂತಲೇ ತಡೆದು ಸೇರೋದು ಘೋರ ಪಾಪ ಅಂತ ಖಡಾಖಂಡಿತವಾಗಿ ಹೇಳಿದ್ರು.

ಆ ವರ್ಷ ಬೇರೆಯಾದ ದಾರಿಗಳು ಮತ್ತೆ ಒಂದಾಗಲೇ ಇಲ್ಲ. ನಾನು ಸಿಎಸ್‌ಐ, ಅಂದ್ರೆ ಆಂಗ್ಲಿಕನ್ನರೂ ಬೇರೆ ಪ್ರಾಟೆಸ್ಟೆಂಟರೂ ಸೇರಿ ಆದ ಚರ್ಚ್ ಆಫ್ ಸೌತ್ ಇಂಡಿಯಾ ಮನೆಯವಳು, ಮದುವೆಯಾಗಿ ಬಂದಿದ್ದು ಕಥೋಲಿಕರ ಮನೆಗೆ, ನಮ್ಮ ಊರಲ್ಲಿ ಇಂಥ ಮದುವೆ ಏನೂ ಅಪರೂಪ ಅಲ್ಲ. ಹಾಗಾಗಿ ಎರಡೂ ಕಡೆ ಏನು ಹೇಳ್ತಾರೆ, ಅದಕ್ಕಿಂತ ಹೆಚ್ಚಾಗಿ ಎರಡೂ ಕಡೆ ಏನು ಹೇಳಲ್ಲ ಅನ್ನೋದನ್ನ ಹತ್ರದಿಂದ ನೋಡಿದ್ದೀನಿ. ಯಾವ ಸಾಧನ ಸರಿ ಯಾವುದು ತಪ್ಪು ಅನ್ನೋ ವಾದದಲ್ಲೇ ನಾವೆಲ್ಲ ಸುಸ್ತಾಗಿದ್ದೀವಿ, ಆ ಸಾಧನ ಯಾರ ಮೈಮೇಲೆ ಬೀಳ್ತಿದೆ ಅಂತ ಕೇಳೋದು ಬಿಟ್ಟಿದ್ದೀವಿ, ಇದು ನನ್ನ ತಕರಾರು.

ಮೊದಲು ಬೈಬಲ್ ಏನು ಹೇಳುತ್ತೆ ನೋಡೋಣ. ಎಲ್ಲರೂ ಎತ್ತೋ ವಚನ ಆದಿಕಾಂಡ 1:28, ಬಹುಸಂತಾನವುಳ್ಳವರಾಗಿ ಹೆಚ್ಚಿರಿ ಅನ್ನೋದು. ಅದು ಆಜ್ಞೆಯೋ ಆಶೀರ್ವಾದವೋ ಅಂತ ದೇವಶಾಸ್ತ್ರ ಓದಿದವರು ಇವತ್ತಿಗೂ ವಾದ ಮಾಡ್ತಾರೆ, ಅಲ್ಲಿ ದೇವರು ಅವರನ್ನ ಆಶೀರ್ವದಿಸಿ ಹೇಳಿದ ಅಂತಲೇ ಇದೆ. ಎರಡನೇದು ಆದಿಕಾಂಡ 38ರ ಓನಾನನ ಕಥೆ. ಅಣ್ಣ ಸತ್ತ ಮೇಲೆ ಅತ್ತಿಗೆ ತಾಮಾರಳಿಗೆ ಅಣ್ಣನ ಹೆಸರಲ್ಲಿ ಮಗು ಕೊಡಬೇಕಿದ್ದವನು ವೀರ್ಯ ನೆಲಕ್ಕೆ ಚೆಲ್ತಾನೆ, ದೇವರು ಅವನನ್ನ ಸಾಯಿಸ್ತಾನೆ. ನೂರಾರು ವರ್ಷ ಇದನ್ನ ಗರ್ಭನಿರೋಧಕದ ವಿರುದ್ಧದ ವಚನ ಅಂತಲೇ ಓದಿದ್ರು, ಪ್ರಾಟೆಸ್ಟೆಂಟ್ ದಾರಿ ಹಾಕಿಕೊಟ್ಟ ಲೂಥರ್ ಕ್ಯಾಲ್ವಿನ್ ಕೂಡ ಹಾಗೇ ಓದಿದ್ರು, ಪ್ರಾಟೆಸ್ಟೆಂಟರು ಶುರುವಿಂದಲೇ ಈ ವಿಷಯದಲ್ಲಿ ಉದಾರವಾಗಿದ್ರು ಅಂದ್ಕೊಳ್ಳೋದು ತಪ್ಪು. ಆದ್ರೆ ಕಥೆ ನಿಧಾನಕ್ಕೆ ಓದಿ ನೋಡಿ, ಅವನು ತಾಮಾರಳ ಜೊತೆ ಮಲಗ್ತಾನೆ, ಅದರ ಸುಖ ಬೇಕು, ಅವಳಿಗೆ ಸಲ್ಲಬೇಕಾದ ಮಗು, ಅವಳ ಮುಂದಿನ ಬದುಕಿನ ಆಸರೆ, ಅದು ಮಾತ್ರ ಕೊಡಲ್ಲ. ಒಬ್ಬ ವಿಧವೆಯನ್ನ ಬಳಸಿಕೊಂಡು ಮೋಸ ಮಾಡಿದ್ದು ಅವನ ತಪ್ಪು ಅಂತ ಇವತ್ತು ಬಹಳಷ್ಟು ವ್ಯಾಖ್ಯಾನಕಾರರು ಹೇಳ್ತಾರೆ, ನನಗೂ ಅದೇ ಸರಿ ಅನ್ಸುತ್ತೆ.

ಈ ಎರಡು ವಚನಕ್ಕೆ ಸಿಗೋ ಗಮನದ ಕಾಲು ಭಾಗವೂ ಸಿಗದ ಒಂದು ಮಾತಿದೆ, 1 ಕೊರಿಂಥದವರಿಗೆ ಬರೆದ ಪತ್ರದ 7ನೇ ಅಧ್ಯಾಯ. ಪೌಲ ಅಲ್ಲಿ ಹೆಂಡತಿಯ ಶರೀರದ ಮೇಲೆ ಗಂಡನಿಗೆ ಅಧಿಕಾರ ಇದೆ ಅಂತಾನೆ, ಅದನ್ನ ಕೇಳಿ ಆ ಕಾಲದ ಗಂಡಸರು ಯಾರೂ ಆಶ್ಚರ್ಯ ಪಟ್ಟಿರಲ್ಲ, ಆದ್ರೆ ಅದೇ ಉಸಿರಲ್ಲಿ ಗಂಡನ ಶರೀರದ ಮೇಲೆ ಹೆಂಡತಿಗೂ ಅಷ್ಟೇ ಅಧಿಕಾರ ಇದೆ ಅಂತಾನೆ. ಒಬ್ಬರಿಗೊಬ್ಬರು ಒಪ್ಪಿ ಸ್ವಲ್ಪ ಕಾಲ ಪ್ರಾರ್ಥನೆಗೆ ಅಂತ ದೂರ ಇರಿ, ಆಮೇಲೆ ಮತ್ತೆ ಸೇರಿ ಅಂತಾನೆ. ಈ ಇಡೀ ಮಾತಲ್ಲಿ ಸೇರೋದಕ್ಕೆ ಕಾರಣ ಅಂತ ಮಕ್ಕಳ ಹೆಸರೇ ಎತ್ತಲ್ಲ. ಬೈಬಲಿನ ಪ್ರೇಮಗೀತೆಗಳ ಪುಸ್ತಕ ಪರಮಗೀತೆಯಲ್ಲೂ ಅಷ್ಟೇ, ಎಂಟು ಅಧ್ಯಾಯ ಪೂರ್ತಿ ಒಬ್ಬರನ್ನೊಬ್ಬರು ಹುಡುಕೋದು, ಹೊಗಳೋದು, ಹಂಬಲಿಸೋದು, ನಮಗೆ ಮಕ್ಕಳಾಗಲಿ ಅಂತ ಆ ಪ್ರೇಮಿಗಳು ಒಂದು ಕಡೆಯೂ ಕೇಳಲ್ಲ.

ಹಾಗಾದ್ರೆ ಮಗುವಿಗಾಗಿಯೇ ಸೇರಬೇಕು ಅನ್ನೋದು ಎಲ್ಲಿಂದ ಬಂತು? ಮೊದಲ ಶತಮಾನಗಳ ಸಭೆಯ ಸುತ್ತಮುತ್ತ ಒಂದು ಕಡೆ ದೇಹವೇ ಕೆಟ್ಟದ್ದು, ಮಗು ಹುಟ್ಟಿಸೋದೇ ಪಾಪ ಅನ್ನೋ ಪಂಥಗಳಿದ್ವು, ಇನ್ನೊಂದು ಕಡೆ ಕೂಸುಗಳನ್ನ ಬೀದಿಗೆ ಬಿಡ್ತಿದ್ದ ರೋಮನ್ ಸಮಾಜ ಇತ್ತು, ಇವೆರಡರ ಮಧ್ಯೆ ನಿಂತು ಮದುವೆ ಒಳ್ಳೇದು, ಮಗು ಒಳ್ಳೇದು ಅಂತ ಹೇಳಬೇಕಾಗಿತ್ತು. ಸಂತ ಅಗಸ್ಟೀನ್ ಮದುವೆಗೆ ಮೂರು ಒಳಿತು ಅಂದ, ಸಂತಾನ, ನಿಷ್ಠೆ, ಮುರಿಯದ ಬಂಧ. ಸಂತಾನದ ಉದ್ದೇಶ ಇಲ್ಲದೆ ಗಂಡ ಹೆಂಡತಿ ಸೇರಿದ್ರೆ ಅದು ಸಣ್ಣ ಪಾಪ, ಕ್ಷಮಿಸಬಹುದಾದ್ದು ಅಂದ. ಇದರಲ್ಲಿ ನನಗೆ ತುಂಬಾ ಮುಖ್ಯ ಅನ್ಸೋ ಸಂಗತಿ ಏನಂದ್ರೆ, ದೇಹ ಕೆಟ್ಟದ್ದು ಅನ್ನೋ ಪಂಥಗಳಲ್ಲಿ ಒಂದಾದ, ಅಗಸ್ಟೀನ್ ತಾನೇ ಹಿಂದೆ ಸೇರಿದ್ದ ಮಾನಿಕೇಯನ್ ಪಂಥದವರನ್ನ ಟೀಕೆ ಮಾಡುವಾಗ, ನೀವು ಹೆಂಗಸಿಗೆ ಗರ್ಭ ನಿಲ್ಲೋ ದಿನಗಳನ್ನ ಲೆಕ್ಕ ಹಾಕಿ ಆಗ ದೂರ ಇರಿ ಅಂತ ಹೇಳ್ಕೊಡ್ತೀರಲ್ಲ ಅಂತ ಬೈತಾನೆ. ಅಂದ್ರೆ ಇವತ್ತು ಕಥೋಲಿಕ ಮದುವೆ ತಯಾರಿ ಕೋರ್ಸಲ್ಲಿ ಒಳ್ಳೇ ದಾರಿ ಅಂತ ಹೇಳ್ಕೊಡೋದನ್ನೇ ಅಗಸ್ಟೀನ್ ತಪ್ಪು ಅಂದಿದ್ದ. ಸಭೆಯ ಬೋಧನೆ ಬದಲಾಗೇ ಇಲ್ಲ ಅನ್ನೋರು ಈ ಒಂದು ವಿಷಯಕ್ಕೆ ನೇರವಾಗಿ ಉತ್ತರ ಕೊಡಬೇಕು.

ಬದಲಾವಣೆ ನಿಧಾನಕ್ಕೇ ಬಂತು. 1920ರ ದಶಕದಲ್ಲಿ ಜಪಾನಿನ ಓಗಿನೊ, ಆಸ್ಟ್ರಿಯಾದ ಕ್ನಾಸ್ ಅನ್ನೋ ಡಾಕ್ಟರುಗಳು ಅಂಡ ಬಿಡುಗಡೆಯಾಗೋ ಸಮಯ ಯಾವುದು ಅಂತ ಬೇರೆಬೇರೆಯಾಗಿ ಕಂಡುಹಿಡಿದ್ರು, ಅದಾದ ಮೇಲೆ ಸೇಫ್ ಪೀರಿಯಡ್, ಅಂದ್ರೆ ಗರ್ಭ ನಿಲ್ಲದ ದಿನಗಳು, ಅನ್ನೋದಕ್ಕೆ ಒಂದು ಬುಡ ಸಿಕ್ತು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಇಟಲಿಯ ಸೂಲಗಿತ್ತಿಯರ ಜೊತೆ ಮಾತಾಡ್ತಾ, ಗಂಭೀರ ಕಾರಣ ಇದ್ರೆ ದಂಪತಿ ಆ ದಿನಗಳನ್ನೇ ನೋಡ್ಕೊಂಡು ಸೇರಬಹುದು ಅಂತ ಸ್ಪಷ್ಟವಾಗಿ ಒಪ್ಪಿದ್ರು. ಅದೇ ಹೊತ್ತಿಗೆ ನಮ್ಮ ದೇಶದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್, ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಗಾಂಧೀಜಿ ಶಿಷ್ಯೆಯಾದವರು, ಸಾಧನಗಳಿಗಿಂತ ಇದೇ ದಾರಿ ಮೇಲು ಅಂತ ನಂಬಿದ್ರು. ಗಾಂಧೀಜಿ ಅಂತೂ 1935ರಲ್ಲಿ ವಾರ್ಧಾಕ್ಕೆ ಬಂದಿದ್ದ, ಸಂತಾನ ನಿಯಂತ್ರಣಕ್ಕೆ ಹೋರಾಡ್ತಿದ್ದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಹತ್ರ ಮಗು ಬೇಕಾದಾಗ ಮಾತ್ರ ಸೇರಬೇಕು ಅಂತ ವಾದ ಮಾಡಿದವರು, ಈ ಒಂದು ವಿಷಯದಲ್ಲಿ ಅವರು ಅಗಸ್ಟೀನ್‌ಗೆ ಆ ಕಾಲದ ಪೋಪ್‌ಗಿಂತ ಹತ್ರ ಇದ್ರು.

ಹಾಗೆ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಹಾಯದಿಂದ ಈ ಸೇಫ್ ಪೀರಿಯಡ್ ಪದ್ಧತಿಯ ಪ್ರಯೋಗ ನಡೆದಿದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ ಮತ್ತೆ ನಮ್ಮ ರಾಮನಗರದಲ್ಲಿ. ಬೆಂಗಳೂರಿಂದ ಐವತ್ತು ಕಿಲೋಮೀಟರ್. ಹೆಂಗಸರಿಗೆ ಬಣ್ಣಬಣ್ಣದ ಮಣಿ ಪೋಣಿಸಿದ ಸರ ಕೊಟ್ರು, ದಿನಕ್ಕೊಂದು ಮಣಿ ಸರಿಸಬೇಕು, ಒಂದು ಬಣ್ಣ ಬಂದ್ರೆ ಸೇರಬಹುದು, ಇನ್ನೊಂದು ಬಣ್ಣ ಬಂದ್ರೆ ಬೇಡ. ಪ್ರಯೋಗದಿಂದ ಜನಸಂಖ್ಯೆ ಮೇಲೆ ಹೇಳಿಕೊಳ್ಳೋ ಅಂಥ ಪರಿಣಾಮ ಏನೂ ಆಗ್ಲಿಲ್ಲ. ನಾನು ಇದರ ಬಗ್ಗೆ ಓದಿದಾಗೆಲ್ಲ ನನಗೆ ಬರೋ ಪ್ರಶ್ನೆ ಒಂದೇ, ಮಣಿ ಸರ ಅವಳ ಕೈಯಲ್ಲಿತ್ತು ಸರಿ, ಇವತ್ತು ಬೇಡ ಅಂತ ಮಣಿ ಹೇಳಿದ ರಾತ್ರಿ ಗಂಡನ ಹತ್ರ ಆ ಮಾತು ಹೇಳೋ ಧೈರ್ಯ ಅವಳಿಗೆ ಯಾರು ಕೊಟ್ಟಿದ್ರು?

ಗರ್ಭನಿರೋಧಕ ಮಾತ್ರೆ ಬಂದಿದ್ದು 1960ರಲ್ಲಿ. ಪೋಪ್ ಇಪ್ಪತ್ತಮೂರನೇ ಜಾನ್ 1963ರಲ್ಲಿ ಈ ವಿಷಯಕ್ಕೆ ಒಂದು ಸಮಿತಿ ಮಾಡಿದ್ರು, ಅವರ ನಂತರದ ಪೋಪ್ ಆರನೇ ಪೌಲ್ ಅದನ್ನ ದೊಡ್ಡದು ಮಾಡಿ ಡಾಕ್ಟರು, ದೇವಶಾಸ್ತ್ರಜ್ಞರು, ಮದುವೆಯಾದ ದಂಪತಿಗಳನ್ನೂ ಸೇರಿಸಿದ್ರು. ಷಿಕಾಗೋದ ಕ್ರೌಲಿ ದಂಪತಿ ಆ ಸಮಿತಿಗೆ ಸಾಮಾನ್ಯ ಕಥೋಲಿಕ ಗಂಡಹೆಂಡತಿಯರ ಪತ್ರಗಳನ್ನ ತಂದುಕೊಟ್ರು, ದಿನ ಲೆಕ್ಕ ಹಾಕ್ಕೊಂಡು ಭಯದಲ್ಲೇ ಬದುಕೋ ಸಂಸಾರ ಹೇಗಿರುತ್ತೆ ಅಂತ ಜನ ತಾವೇ ಬರೆದಿದ್ದು. 1966ರಲ್ಲಿ ಸಮಿತಿಯ ಬಹುಮತ, ನಿಯಮ ಸಡಿಲ ಮಾಡಬಹುದು ಅಂತ ವರದಿ ಕೊಡ್ತು. 1968 ಜುಲೈ 25ರ ‘ಹುಮಾನೆ ವೀತೆ’ ಪತ್ರದಲ್ಲಿ ಆರನೇ ಪೌಲ್ ಅದನ್ನ ಒಪ್ಪಲಿಲ್ಲ. ದಾಂಪತ್ಯದ ಸೇರುವಿಕೆಗೆ ಎರಡು ಅರ್ಥ ಇದೆ, ಇಬ್ಬರನ್ನ ಒಂದು ಮಾಡೋದು ಮತ್ತೆ ಜೀವ ಕೊಡೋದು, ಇವೆರಡನ್ನೂ ದೇವರೇ ಜೋಡಿಸಿದ್ದಾನೆ, ಮನುಷ್ಯ ಬೇರೆ ಮಾಡೋ ಹಾಗಿಲ್ಲ, ಪ್ರತಿ ಸಲ ಸೇರಿದಾಗಲೂ ಅದು ಜೀವಕ್ಕೆ ತೆರೆದೇ ಇರಬೇಕು ಅಂತ ಬರೆದ್ರು.

ಈ ಪತ್ರವನ್ನ ಬೈಯೋರು, ಹೊಗಳೋರು ಇಬ್ಬರಲ್ಲೂ ಓದಿದವರು ಕಡಿಮೆ, ಹಾಗಾಗಿ ಎರಡು ವಿಷಯ ಹೇಳ್ತೀನಿ. ಒಂದು, ಇದು ಎಷ್ಟಾದ್ರೂ ಹೆರಿ ಅಂತ ಹೇಳೋ ಪತ್ರ ಅಲ್ಲ. ಆರೋಗ್ಯ, ದುಡ್ಡುಕಾಸು, ಮನಸ್ಸಿನ ಸ್ಥಿತಿ ನೋಡಿ ಮಕ್ಕಳು ಎಷ್ಟು ಅಂತ ತೀರ್ಮಾನ ಮಾಡೋದು ಜವಾಬ್ದಾರಿಯ ಭಾಗ ಅಂತ ಸ್ಪಷ್ಟವಾಗಿ ಇದೆ. ಪೋಪ್ ಫ್ರಾನ್ಸಿಸ್ ಕೂಡ 2015ರಲ್ಲಿ ಮನಿಲಾದಿಂದ ವಾಪಸ್ ಹೋಗ್ತಾ ವಿಮಾನದಲ್ಲಿ, ಒಳ್ಳೇ ಕಥೋಲಿಕರಾಗೋಕೆ ಮೊಲದ ಥರ ಮರಿ ಹಾಕಬೇಕಾಗಿಲ್ಲ ಅಂದಿದ್ರು. ಎರಡನೇದು ನಮ್ಮ ಊರಿನ ಹುಡುಗೀರಿಗೆ ನೇರವಾಗಿ ಬೇಕಾದ್ದು, ಪಿಸಿಒಡಿ ಅನ್ನೋ ಅಂಡಾಶಯದ ತೊಂದರೆಗೋ ಅತಿಯಾದ ರಕ್ತಸ್ರಾವಕ್ಕೋ ಡಾಕ್ಟರ್ ಅದೇ ಮಾತ್ರೆ ಬರ್ಕೊಟ್ರೆ ತಗೋಬಹುದಾ ಅಂತ ಎಷ್ಟೋ ಜನ ಪಾಪನಿವೇದನೆಗೆ ಹೋಗೋವಾಗ ಹೆದರ್ತಾರೆ, ಆ ಪತ್ರದ 15ನೇ ಭಾಗದಲ್ಲೇ ಕಾಯಿಲೆಗೆ ಚಿಕಿತ್ಸೆ ಅಂತ ತಗೊಳ್ಳೋದಕ್ಕೆ ಅಡ್ಡಿ ಇಲ್ಲ, ಅದರಿಂದ ಗರ್ಭ ನಿಲ್ಲದೆ ಹೋದ್ರೂ ಅದು ಉದ್ದೇಶ ಅಲ್ಲದಿದ್ರೆ ತಪ್ಪಿಲ್ಲ ಅಂತ ಬರೆದಿದೆ. ಇದನ್ನ ಯಾವ ಪ್ರಸಂಗದಲ್ಲೂ ನಾನು ಕೇಳಿಲ್ಲ.

ಮದುವೆ ತಯಾರಿ ಕೋರ್ಸಿಗೆ ನಾನೂ ನನ್ನ ಗಂಡನೂ ಹೋಗಿದ್ವಿ. ಒಬ್ಬರು ಡಾಕ್ಟರಮ್ಮ ಬಿಲ್ಲಿಂಗ್ಸ್ ಪದ್ಧತಿಯ ಚಾರ್ಟ್ ಹಾಕಿದ್ರು, ಮುಟ್ಟಿನ ದಿನಕ್ಕೆ ಕೆಂಪು ಸ್ಟಿಕ್ಕರ್, ಒಣಗಿರೋ ದಿನಕ್ಕೆ ಹಸಿರು, ಲೋಳೆ ಕಾಣಿಸಿ ಗರ್ಭ ನಿಲ್ಲಬಹುದಾದ ದಿನಕ್ಕೆ ಬಿಳಿ, ಅದರ ಮೇಲೆ ಪುಟ್ಟ ಮಗುವಿನ ಚಿತ್ರ. ಚೆನ್ನಾಗಿ ಹೇಳ್ಕೊಟ್ರು, ನನ್ನ ದೇಹದ ಬಗ್ಗೆ ಸ್ಕೂಲು ಕಾಲೇಜಲ್ಲಿ ಯಾರೂ ಹೇಳದೇ ಇದ್ದಿದ್ದು ಅವತ್ತು ಗೊತ್ತಾಯ್ತು, ಆ ಡಾಕ್ಟರಮ್ಮನಿಗೆ ನಾನು ಇವತ್ತಿಗೂ ಋಣಿ. ನೈಟ್ ಶಿಫ್ಟಲ್ಲಿ ಕೆಲಸ ಮಾಡೋ ಒಬ್ಬ ಹುಡುಗಿ ಎದ್ದು, ಮ್ಯಾಮ್, ಬೆಳಿಗ್ಗೆ ಎದ್ದ ತಕ್ಷಣ ಟೆಂಪರೇಚರ್ ನೋಡೋ ವಿಧಾನಾನೂ ಇದೆ ಅಂತೀರಲ್ಲ, ನಾನು ಮಲಗೋದೇ ಬೆಳಿಗ್ಗೆ, ಅದೂ ವಾರಕ್ಕೊಂದು ಟೈಮಿಂಗ್, ನಾನೇನು ಮಾಡ್ಲಿ ಅಂದ್ಲು. ನಿಮಗೆ ಟೆಂಪರೇಚರ್ ನಂಬೋದು ಕಷ್ಟ ಕಣಮ್ಮ, ಲೋಳೆ ನೋಡೋದೇ ಕಲೀರಿ ಅಂದ್ರು ಡಾಕ್ಟರಮ್ಮ. ಪ್ರಾಮಾಣಿಕ ಉತ್ತರ. ಆದ್ರೆ ಆ ಹಾಲಲ್ಲಿ ನೋಟ್ಸ್ ಬರ್ಕೊಳ್ತಿದ್ದವರು ಹುಡುಗೀರು ಮಾತ್ರ, ಹುಡುಗರೆಲ್ಲ ಹಿಂದಿನ ಸಾಲಲ್ಲಿ ತಲೆ ತಗ್ಗಿಸಿ ಮೊಬೈಲ್ ನೋಡ್ತಿದ್ರು, ಮುಂದೆ ಇದ್ದ ಫಾದರ್ ಕೂಡ ಅವರಿಗೆ ನೀವೂ ಬರ್ಕೊಳ್ಳಿ ಅಂತ ಹೇಳಲಿಲ್ಲ.

ಈ ನೈಸರ್ಗಿಕ ವಿಧಾನ ಕೆಲಸ ಮಾಡೋದೇ ಇಲ್ಲ ಅನ್ನೋದು ತಪ್ಪು, ತುಂಬಾ ಗ್ಯಾರಂಟಿ ಅನ್ನೋದೂ ತಪ್ಪು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕದಲ್ಲಿ, ಸಾಮಾನ್ಯ ಜನ ಬಳಸೋ ರೀತೀಲಿ ಬಳಸಿದ್ರೆ ವರ್ಷಕ್ಕೆ ನೂರಕ್ಕೆ 2ರಿಂದ 23 ಜನಕ್ಕೆ ಗರ್ಭ ನಿಲ್ಲುತ್ತೆ, ಯಾವ ವಿಧಾನ, ಎಷ್ಟು ಶಿಸ್ತು ಅನ್ನೋದರ ಮೇಲೆ. ಕಾಂಡೋಮ್‌ಗೆ ಅದು 13, ಮಾತ್ರೆಗೆ 7, ಕಾಪರ್ ಟಿಗೆ ಒಂದಕ್ಕಿಂತ ಕಡಿಮೆ. ಆ 2ಕ್ಕೂ 23ಕ್ಕೂ ಮಧ್ಯದ ವ್ಯತ್ಯಾಸದಲ್ಲಿ ಒಂದು ದೊಡ್ಡ ಪಾಲು ಗಂಡನದ್ದು, ಅವನು ಬೇಡ ಅಂದ ದಿನ ಸುಮ್ಮನಿರ್ತಾನೋ ಇಲ್ವೋ ಅನ್ನೋದು.

ದಿನ ನೋಡ್ಕೊಂಡು ಸೇರೋದಕ್ಕೂ ಕಾಂಡೋಮ್ ಹಾಕೋದಕ್ಕೂ ಏನು ವ್ಯತ್ಯಾಸ, ಎರಡರಲ್ಲೂ ಮಗು ಬೇಡ ಅನ್ನೋದೇ ತಾನೇ ಮನಸ್ಸಲ್ಲಿರೋದು ಅಂತ ನಮ್ಮ ಪ್ರಾಟೆಸ್ಟೆಂಟ್ ಕಡೆಯವರು ಕೇಳ್ತಾರೆ. ಕಥೋಲಿಕ ಉತ್ತರ ಏನಂದ್ರೆ ಉದ್ದೇಶ ಒಂದೇ ಇರಬಹುದು, ಮಾಡೋ ಕೆಲಸ ಬೇರೆ, ಒಬ್ಬರು ಸೇರೋದನ್ನ ಬಿಟ್ಟಿರ್ತಾರೆ, ಇನ್ನೊಬ್ಬರು ಸೇರಿಯೂ ಅದರ ಫಲವನ್ನ ಕೈಯಾರೆ ಕಿತ್ತಿರ್ತಾರೆ. ತರ್ಕ ಗಟ್ಟಿಯಾಗೇ ಇದೆ, ತಳ್ಳಿ ಹಾಕೋ ಅಂಥದ್ದಲ್ಲ. ನನಗೆ ಒಪ್ಪಿಗೆ ಆಗದೇ ಇರೋದು, ಇಡೀ ದಾಂಪತ್ಯ ಜೀವಕ್ಕೆ ತೆರೆದಿದ್ರೆ ಸಾಲದು, ಒಂದೊಂದು ಸಲವೂ ತೆರೆದಿರಬೇಕು ಅನ್ನೋದು. ಯಾಕಂದ್ರೆ ಕಥೋಲಿಕ ಧರ್ಮಸಭೆಯ ಕಾನೂನೇ ಬೇರೆ ಥರ ಹೇಳುತ್ತೆ. 1983ರ ಕಾನೂನು ಸಂಹಿತೆಯ 1084ನೇ ನಿಯಮದ ಪ್ರಕಾರ ಮದುವೆಗೆ ಮುಂಚಿನಿಂದಲೂ ಇದ್ದು ವಾಸಿಯೂ ಆಗದ ನಪುಂಸಕತ್ವ ಇದ್ರೆ ಆ ಮದುವೆ ಊರ್ಜಿತವೇ ಅಲ್ಲ, ಮಕ್ಕಳಾಗದ ಬಂಜೆತನ ಇದ್ರೆ ಮಾತ್ರ ಮದುವೆಗೆ ಏನೂ ಬಾಧೆ ಇಲ್ಲ. ಮುಟ್ಟು ನಿಂತ ಮೇಲೆ ಮದುವೆಯಾಗೋರಿಗೂ ಅದೇ ಬಲಿಪೂಜೆ, ಅದೇ ಸಂಸ್ಕಾರ. 1917ರ ಹಳೇ ಸಂಹಿತೆಯಲ್ಲಿ ಸಂತಾನವೇ ಮದುವೆಯ ಮೊದಲ ಉದ್ದೇಶ ಅಂತಿತ್ತು, 1983ರದ್ದರಲ್ಲಿ ದಂಪತಿಗಳ ಒಳಿತು ಮತ್ತೆ ಸಂತಾನ, ಎರಡನ್ನೂ ಮೇಲು ಕೀಳು ಅನ್ನದೆ ಒಟ್ಟಿಗೆ ಇಟ್ಟಿದ್ದಾರೆ.

ಅದೇ ತತ್ವ ಇನ್ನೊಂದು ದಿಕ್ಕಿನಿಂದಲೂ ಹೊಡೆಯುತ್ತೆ, ಇದನ್ನ ಜನ ಗಮನಿಸಲ್ಲ. ಸೇರೋದನ್ನೂ ಜೀವ ಕೊಡೋದನ್ನೂ ಬೇರೆ ಮಾಡಬಾರದು ಅಂದ್ರೆ ಸೇರದೆ ಮಗು ಮಾಡೋದೂ ತಪ್ಪಾಗುತ್ತೆ, ಹಾಗಾಗಿ 1987ರಲ್ಲಿ ವ್ಯಾಟಿಕನ್ ಐವಿಎಫ್, ಅಂದ್ರೆ ಪ್ರನಾಳ ಶಿಶು ವಿಧಾನ, ಬೇಡ ಅಂತು. ಬೆಂಗಳೂರಲ್ಲಿ ಬಡಾವಣೆಗೊಂದು ಫರ್ಟಿಲಿಟಿ ಸೆಂಟರ್ ಬೋರ್ಡು ಕಾಣೋ ಕಾಲದಲ್ಲಿ, ವಿಶೇಷ ಏನಾದ್ರೂ ಇದೆಯಾ ಅಂತ ಪ್ರತಿ ಹಬ್ಬಕ್ಕೂ ಕೇಳಿಸ್ಕೊಂಡು ಕಣ್ಣೀರು ಹಾಕೋ ಹೆಣ್ಣಿಗೆ ಅದನ್ನ ಹೇಳೋಕೆ ಎಷ್ಟು ಫಾದರ್‌ಗಳಿಗೆ ಮನಸ್ಸು ಬರುತ್ತೋ.

ನಮ್ಮ ಸಿಎಸ್‌ಐ ಕಡೆ ಕಥೆ ಏನು ಅಂದ್ರೆ, 1958ರ ಲ್ಯಾಂಬೆತ್ ಸಭೆ, ಮಕ್ಕಳು ಎಷ್ಟು, ಯಾವಾಗ ಅನ್ನೋ ಜವಾಬ್ದಾರಿಯನ್ನ ದೇವರು ತಂದೆತಾಯಿಗಳ ಮನಸ್ಸಾಕ್ಷಿ ಮೇಲೆ ಹಾಕಿದ್ದಾನೆ ಅಂತು. ಒಳ್ಳೇ ಮಾತು, ನಾನು ಪೂರ್ತಿ ಒಪ್ತೀನಿ. ಆದ್ರೆ ಮನಸ್ಸಾಕ್ಷಿಗೆ ಬಿಟ್ವಿ ಅಂತ ಹೇಳಿ ನಾವು ಬಾಯಿ ಮುಚ್ಕೊಂಡ್ವಿ. ಪಾಸ್ಟರ್ ಮದುವೆಗೆ ಮುಂಚೆ ಮಾತಾಡಿದ್ರೆ ಪ್ರಾರ್ಥನೆ, ಅತ್ತೆ ಮಾವ, ಖರ್ಚುವೆಚ್ಚ, ಇಷ್ಟೇ. ಪೆಂಟೆಕಾಸ್ಟಲ್ ಸಭೆಗಳಲ್ಲಿ ಕೆಲವರು ಕಾಪರ್ ಟಿ, ಎಮರ್ಜೆನ್ಸಿ ಮಾತ್ರೆ ಎಲ್ಲ ಗರ್ಭಪಾತವೇ ಅಂತ ಸಾರ್ತಾರೆ, ಎಮರ್ಜೆನ್ಸಿ ಮಾತ್ರೆ ಮುಖ್ಯವಾಗಿ ಅಂಡ ಬಿಡುಗಡೆಯಾಗೋದನ್ನ ತಡೆಯುತ್ತೆ ಇಲ್ಲಾ ಮುಂದೂಡುತ್ತೆ ಅನ್ನೋದು ವಿಜ್ಞಾನ, ಅದನ್ನ ತಿಳ್ಕೊಳ್ಳದೆ ಹೆದರಿಸೋದು ಸರಿಯಲ್ಲ. ಮನಸ್ಸಾಕ್ಷಿಗೆ ಬಿಟ್ಟರೆ ಮನಸ್ಸಾಕ್ಷಿಗೆ ಬೇಕಾದ ತಿಳುವಳಿಕೆ ಕೊಡೋದೂ ಸಭೆಯ ಕೆಲಸವೇ.

ಈ ಮೌನದ ಫಲಿತಾಂಶ ಏನು ಅಂತ ಅಂಕಿಅಂಶ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ದೇಶದ ಕ್ರೈಸ್ತರಲ್ಲಿ 1.88. ಪೋಪ್ ಏನೇ ಹೇಳಲಿ ಲ್ಯಾಂಬೆತ್ ಏನೇ ಹೇಳಲಿ, ಮನೆಗಳಲ್ಲಿ ಒಂದು ಎರಡಕ್ಕೆ ನಿಂತಿದೆ. ಕೇರಳದ ಪಾಲಾ ಧರ್ಮಪ್ರಾಂತ್ಯ 2021ರಲ್ಲಿ ಐದು ಮಕ್ಕಳಿಗಿಂತ ಕಡಿಮೆ ಇಲ್ಲದ ಕುಟುಂಬಗಳಿಗೆ ತಿಂಗಳಿಗೆ 1,500 ರೂಪಾಯಿ ಸಹಾಯ ಅಂತ ಘೋಷಿಸ್ತು, ಬೆಂಗಳೂರಲ್ಲಿ ಒಂದು ಮಗುವಿನ ಸ್ಕೂಲ್ ವ್ಯಾನ್ ಖರ್ಚಿಗೂ ಅದು ಸಾಕಾಗಲ್ಲ. ಆದ್ರೆ ನನಗೆ ಹೆಚ್ಚು ಚುಚ್ಚೋದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 37.9 ಜನ ಆಪರೇಷನ್ ಮಾಡಿಸ್ಕೊಂಡಿದ್ದಾರೆ, ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು. ಗಂಡಸರ ಆಪರೇಷನ್ ದೇಶದಲ್ಲಿ ನೂರಕ್ಕೆ 0.3. ಹೆಂಗಸಿನದ್ದು ಹೊಟ್ಟೆ ಕುಯ್ದು ಮಾಡೋದು, ಗಂಡಸಿನದ್ದು ಅಲ್ಲಿಗಷ್ಟೇ ಮರಗಟ್ಟಿಸಿ ಸಣ್ಣ ತೂತಲ್ಲಿ ಮುಗಿಸಿ ಅವತ್ತೇ ಮನೆಗೆ ಕಳಿಸೋದು. ಆದ್ರೂ ಬಾಣಂತಿ ವಾರ್ಡಲ್ಲಿ ನರ್ಸು, ಎರಡಾಯ್ತಲ್ಲಮ್ಮ, ಮಾಡಿಸ್ಕೊಂಡ್ಬಿಡಿ ಅಂತ ಹೇಳೋದು ಹೆಂಡತಿಗೇ, ಹೊರಗೆ ಕಾಯ್ತಾ ಕೂತ ಗಂಡನಿಗಲ್ಲ.

ಇಲ್ಲೇ ನನಗೆ ಪೌಲನ ಮಾತು ನೆನಪಾಗೋದು. ಗಂಡನ ಶರೀರದ ಮೇಲೆ ಹೆಂಡತಿಗೂ ಅಧಿಕಾರ ಇದೆ ಅಂದ್ರೆ ಗರ್ಭ ತಡೆಯೋ ಹೊರೆಯಲ್ಲಿ ಅವನ ಶರೀರವೂ ಬರಬೇಕು, ಅವನ ಸಂಯಮವೂ ಬರಬೇಕು. ಇದು ಪ್ರಾಟೆಸ್ಟೆಂಟ್ ಮಾತು ಮಾತ್ರ ಅಲ್ಲ. ‘ಹುಮಾನೆ ವೀತೆ’ಯ 17ನೇ ಭಾಗದಲ್ಲಿ ಆರನೇ ಪೌಲ್, ಗರ್ಭನಿರೋಧಕ ಅಭ್ಯಾಸವಾದ ಗಂಡಸು ಹೆಂಡತಿಯ ದೇಹ ಮನಸ್ಸಿನ ಕಡೆ ಗಮನ ಬಿಟ್ಟು ಅವಳನ್ನ ತನ್ನ ಆಸೆ ತೀರಿಸೋ ವಸ್ತು ಮಾಡ್ಕೋಬಹುದು ಅಂತ ಎಚ್ಚರಿಸಿದ್ರು. ಆ ಭಯ ಸುಳ್ಳಲ್ಲ, ಮಾತ್ರೆ ತಗೊಂಡಿದ್ದೀಯಲ್ಲ ಇನ್ನೇನು ಅನ್ನೋ ಗಂಡಂದಿರು ಇದ್ದಾರೆ. ಆದ್ರೆ ಮಾತ್ರೆ ಇಲ್ಲದ ಮನೆಗಳಲ್ಲೂ, ಚಾರ್ಟ್ ಗೋಡೆಗೆ ಅಂಟಿಸಿದ ಮನೆಗಳಲ್ಲೂ ಅಂಥ ಗಂಡಂದಿರು ಇದ್ದಾರೆ.

ಮಗು ನಿರೀಕ್ಷೆಯಲ್ಲಿರೋರಿಗೆ ಕೆಲವು ನೇರ ಮಾತು. ಕಥೋಲಿಕ ಆಸ್ಪತ್ರೆಗಳಲ್ಲಿ ಮಕ್ಕಳಾಗದಿರಲಿ ಅಂತ ಮಾಡೋ ಆಪರೇಷನ್‌ಗೆ ಸಭೆಯ ನಿಯಮದ ಪ್ರಕಾರ ಅವಕಾಶ ಇಲ್ಲ, ಹೆಂಗಸಿಗೂ ಇಲ್ಲ ಗಂಡಸಿಗೂ ಇಲ್ಲ. ಸಿಸೇರಿಯನ್ ಟೇಬಲ್ ಮೇಲೆ ಮಲಗಿದ ಮೇಲೆ ಇದು ಗೊತ್ತಾಗಿ ಆಮೇಲೆ ಇನ್ನೊಂದು ಆಸ್ಪತ್ರೆಗೆ ಅಲೆದವರನ್ನ ಕಂಡಿದ್ದೀನಿ, ಅದಕ್ಕೆ ಏಳನೇ ತಿಂಗಳೊಳಗೆ ಕೇಳಿ ತಿಳ್ಕೊಳ್ಳಿ, ಇಬ್ಬರೂ ಹೋಗಿ ಕೇಳಿ. ಗಂಡಸರ ಆಪರೇಷನ್ ಆದ ತಕ್ಷಣ ಕೆಲಸ ಮಾಡಲ್ಲ, ಸುಮಾರು ಮೂರು ತಿಂಗಳು ಬೇರೆ ಏನಾದ್ರೂ ಬಳಸಿ ಆಮೇಲೆ ವೀರ್ಯ ಟೆಸ್ಟ್ ಮಾಡಿಸಿ ಖಚಿತ ಮಾಡ್ಕೋಬೇಕು. ಆಪರೇಷನ್ ಬೇಡ, ಸಾಧನ ಬೇಡ, ಸಭೆ ಹೇಳಿದ ಹಾಗೇ ಇರ್ತೀವಿ ಅನ್ನೋ ದಂಪತಿಗಳಿಗೆ ನನ್ನ ಪೂರ್ತಿ ಗೌರವ ಇದೆ, ಅವರ ಚಾರ್ಟನ್ನ ಗಂಡನೇ ತುಂಬಲಿ.

ಸಭೆಗಳಿಗೆ ನಾನು ಕೇಳೋದು ಒಂದೇ. ಈ ವಿಷಯ ಯಾವಾಗ ಬಂದ್ರೂ ಸ್ತ್ರೀಯರ ಕೂಟಕ್ಕೆ ಒಬ್ಬರು ಲೇಡಿ ಡಾಕ್ಟರ್ ಕರೆಸಿ ಮುಗಿಸ್ತಾರೆ. ಮುಂದಿನ ಸಲ ಮೆನ್ಸ್ ಫೆಲೋಶಿಪ್‌ಗೆ ಕರೆಸಿ, 1 ಕೊರಿಂಥ 7ನ್ನ ಅಲ್ಲಿ ಓದಿ, ಬಂದ ಗಂಡಸರ ಕೈಗೆ ಪೆನ್ನೂ ಪೇಪರೂ ಕೊಡಿ.